ತೋಪು ಹಾರುವ ಮುನ್ನ

ಸರಾಯೆವೊ. ಹಳದಿ ಬುರುಜಿನ ಹುಲ್ಲ ಮೇಲೆ
ಹಳೆಯ ಪತ್ರಿಕೆ ಹಾಸಿ ಕೂತಿದ್ದಾಳೆ ಶೆಫಿಕಾ,
ಮಡಿಲಲ್ಲಿ ಕರಿಜೀರಿಗೆ ಉದುರಿಸಿದ ಬಿಸಿ ರೊಟ್ಟಿ.
ಕೆಳಗೆ ಇಡೀ ಊರು,
ಬೋಗುಣಿಯ ತಳದಲ್ಲಿ ಉಳಿದ ಸಾರು.

ಪ್ರವಾಸಿ ಹುಡುಗ ಕೇಳುತ್ತಾನೆ: ನಿಮ್ಮ ಮನೆ ಯಾವುದಜ್ಜಿ?
ನದಿ ತೋರಿಸುತ್ತಾಳೆ, ಸೇತುವೆ, ಟ್ರಾಮು,
ಮೂರನೆಯ ಮಿನಾರಿನ ಎಡಕ್ಕೆ ಕೆಂಪು ಹೆಂಚು.
ಬಿಳಿ ಗೋರಿಗಳ ಇಳಿಜಾರು ಬಂದಾಗ ಮಾತ್ರ
ಬೆರಳು ಬಳಸಿ ಹೋಗುತ್ತದೆ,
ಮಲಗಿದವರನ್ನು ದಾಟಬಾರದಲ್ಲ.

ಅಂದು ಈ ಬೆಟ್ಟಗಳಲ್ಲಿ ಸದ್ದಾದರೆ
ನೆಲಮಾಳಿಗೆಗೆ ಓಡುತ್ತಿದ್ದವಳು
ಈಗ ಉಪವಾಸ ಬಿಡಿಸುವ ಅದೇ ಸದ್ದಿಗೆ
ಕಿವಿ ನೆಟ್ಟು ಕೂತಿದ್ದಾಳೆ.

ಢಮ್.
ಪಾರಿವಾಳ ಎದ್ದವು. ಮಿನಾರುಗಳಲ್ಲಿ ದೀಪ ಹತ್ತಿತು.
ಹೆಗಲು ಬೆಚ್ಚಿತು, ಈಗಲೂ.
ರೊಟ್ಟಿ ಮುರಿದು
ದೊಡ್ಡ ಚೂರು ಹುಡುಗನಿಗೆ ಕೊಟ್ಟಳು:
ತಿನ್ನು, ಆರಿಹೋಗುತ್ತೆ.