ಹಾಕಿದ್ದು, ಬಂದದ್ದು

ಜಾವಗಲ್ಲಿನ ಪ್ರೌಢಶಾಲೆ, ಒಂಬತ್ತನೇ ತರಗತಿ, 'ಬಿ' ವಿಭಾಗ.
ಪ್ರಯೋಗಾಲಯವೆಂದರೆ ಒಂದು ಕಬ್ಬಿಣದ ಬೀರು,
ಅದರ ಬೀಗದಕೈ ಹಿಂದಿನ ಮೇಷ್ಟರ ಜೇಬಿನಲ್ಲೇ
ವರ್ಗವಾಗಿ ಹೋಗಿದೆ.
ಹಾಗಾಗಿ ನನ್ನ ಸಲಕರಣೆ ಇಷ್ಟು:
ಬಿರಡೆಗೆ ಚುಚ್ಚಿದ ಸೂಜಿ, ಹಾಲಿನಪುಡಿಯ ಖಾಲಿ ಡಬ್ಬ,
ಒಂದು ಥರ್ಮಾಮೀಟರು, ಸ್ವಂತ ದುಡ್ಡಿನದು.

ನೂರು ಎಮ್ಮೆಲ್ ನೀರು. ಇಪ್ಪತ್ತನಾಲ್ಕು ಡಿಗ್ರಿ.
ಗಾಳಿ ಬರಬಾರದು, ಕಿಟಕಿ ಮುಚ್ಚಿ ಅಂದೆ.
ಒಂದಕ್ಕೆ ಕದವೇ ಇಲ್ಲ;
ಧರಣೇಶ ತನ್ನ ಬೆನ್ನನ್ನೇ ಕದ ಮಾಡಿ ನಿಂತ.

ಸೂಜಿಯ ತುದಿಯ ಕಡಲೆಕಾಯಿ ಬೀಜ
ಮೊದಲು ಬೆವರಿತು, ಆಮೇಲೆ ಹೊತ್ತಿತು,
ಸಿಟ್ಟು ಬಂದ ಗಿಡ್ಡ ಮನುಷ್ಯನ ಹಾಗೆ
ಚಿಟಚಿಟ, ಹೊಗೆ, ಎಣ್ಣೆಯ ಕಮಟು.
ಮೂವತ್ತು. ಮೂವತ್ಮೂರು. ಮೂವತ್ತೇಳು.
"ಒಂದೇ ಒಂದು ಬೀಜ ಮೇಡಂ!" ಅಂದಳು ಮುಬೀನಾ,
ಅಂಗೈಲಿ ಉಳಿದಿದ್ದ ನಾಲ್ಕನ್ನು
ಬೇರೆ ಕಣ್ಣಲ್ಲಿ ನೋಡುತ್ತ.

ಚಮಚೆಯಲ್ಲಿ ಒಂದು ಚಿಟಿಕೆ ಹುಚ್ಚೆಳ್ಳು
ಹೆಸರಿಗೆ ತಕ್ಕಂತೆ ಉರಿಯಿತು.
ಒಣಗಿದ ರಾಗಿರೊಟ್ಟಿ ಹೊತ್ತಿಕೊಳ್ಳಲು ಸತಾಯಿಸಿತು,
ಹೊತ್ತಿದ ಮೇಲೆ ಆರಲು ಒಪ್ಪಲಿಲ್ಲ.
ತೀರ್ಥೇಶ ಅವರ ಹೊಲದ ಆಲೂಗಡ್ಡೆ ತಂದಿದ್ದ.
ಬಿಲ್ಲೆ ಕೊಯ್ದು ಚುಚ್ಚಿದೆ. ಸುಯ್ ಅಂದಿತು. ನೀರು ಕಾರಿತು.
ಆರು ಬೆಂಕಿಕಡ್ಡಿ. ಅರ್ಧ ಡಿಗ್ರಿ,
ಅದೂ ಕಡ್ಡಿಯದೇ.
ತರಗತಿ ಬಿದ್ದು ಬಿದ್ದು ನಕ್ಕಿತು.
ತೀರ್ಥೇಶ ನಗಲಿಲ್ಲ.

ಅದರಲ್ಲಿ ನೀರೇ ಹೆಚ್ಚು, ಒಣಗಿಸಿದರೆ ಉರಿಯುತ್ತೆ ಅಂದೆ.
ಮಾತು ತಿರುಗಿಸಲೆಂದೇ ಹಲಗೆಯಲ್ಲಿ ಗೆರೆ ಎಳೆದೆ:
ಎಡಕ್ಕೆ ಹಾಕಿದ್ದು, ಬಲಕ್ಕೆ ಬಂದದ್ದು.
ಹೇಳು, ನಿಮ್ಮ ಹೊಲಕ್ಕೆ ಏನೇನು ಹೋಯ್ತು?

ಬಿತ್ತನೆ ಗಡ್ಡೆ, ಜಲಂಧರಿನಿಂದ, ಲಾರಿಯಲ್ಲಿ.
ಟ್ರ್ಯಾಕ್ಟರು ಎರಡು ಸಲ. ಡಿಎಪಿ. ಯೂರಿಯಾ.
ಅಂಗಮಾರಿಗೆ ಔಷಧಿ, ಎಂಟು ಸಲ.
"ಒಂದು ಮೂಟೆ ಯೂರಿಯಾ ಎಷ್ಟು ಡಿಗ್ರಿ ಮೇಡಂ?"
ಪುಸ್ತಕದಲ್ಲಿ ಇರಲಿಲ್ಲ. ಗೊತ್ತಿಲ್ಲ ಅಂದೆ.
ಎಡಗಡೆಯ ಪಟ್ಟಿ ಇಳಿದೂ ಇಳಿದೂ
ಸೀಮೆಸುಣ್ಣದ ಡಬ್ಬಿಗೆ ಮುಟ್ಟಿತು.
ಬಲಗಡೆ: ಮೂಟೆ ಇಷ್ಟು. ಅದೂ ಅಂದಾಜು.

ಬಾಗಿಲಲ್ಲಿ ದ್ಯಾವೀರಮ್ಮ, ಕೈಯಲ್ಲಿ ಬಿಸಿಯೂಟದ ಸೌಟು.
"ಉಣ್ಣೋದನ್ನ ಸುಡ್ತಾ ಕುಂತಿದ್ದೀರಲ್ಲ ಟೀಚರಮ್ಮ,
ಪಾಪ ಸುತ್ಕೊಳ್ಳಲ್ವಾ?"
ಹುಡುಗರು ಪಟ್ಟಿ ಓದಿ ಹೇಳಿದರು. ಕೇಳಿದಳು.
"ನಮ್ಮಪ್ಪ ರಾಗಿ ನಡುವೆ ಅಕ್ಕಡಿ ಸಾಲು ಹಾಕೋನು.
ಅವರೆ, ಹುಚ್ಚೆಳ್ಳು, ತೊಗರಿ.
ಗೊಬ್ಬರ ತಿಪ್ಪೇದು, ಬಿತ್ತನೆ ವಾಡೇದು.
ನಿಮ್ಮ ಪಟ್ಟಿ ಮೊಳದುದ್ದನೂ ಆಗ್ತಿರಲಿಲ್ಲ."

ಇದೇ ಇವತ್ತಿನ ಪಾಠದ ಸಾರ ಎಂದು
ನಾನು ಬಾಯಿ ತೆರೆಯುವಷ್ಟರಲ್ಲಿ
ಅವಳು ಸೌಟನ್ನು ಇನ್ನೊಂದು ಕೈಗೆ ದಾಟಿಸಿದಳು.
"ಆದ್ರೆ ಕಳೆ ಕಿತ್ತೋರು ನಾವು ಅಕ್ಕತಂಗೀರು.
ನನ್ನ ಸೊಂಟಕ್ಕೆ ಎಷ್ಟು ಡಿಗ್ರಿ ಬರ್ಕೋತೀರಿ?"

ಯಾರೂ ನಗಲಿಲ್ಲ.
ಮುಬೀನಾ ಎದ್ದು ಹೋಗಿ, ಜಾಗವಿಲ್ಲದ ಎಡಗಡೆಯಲ್ಲಿ
ಸಣ್ಣಕ್ಷರದಲ್ಲಿ ತುರುಕಿದಳು: ಸೊಂಟ.
ಒಂದು ಪ್ರಶ್ನಾರ್ಥಕ ಚಿಹ್ನೆ.
ಕದವಾಗಿ ನಿಂತಿದ್ದವನು ಅಲ್ಲಿಂದಲೇ ಕೂಗಿದ,
"ಎತ್ತೂ ಉಣ್ಣುತ್ತೆ ಮೇಡಂ, ಅದನ್ನೂ ಬರೀರಿ."

ಆಮೇಲೆ ಲೆಕ್ಕ ಮಾಡಿಸಿದೆ, ನೀರಿನ ತೂಕ, ಏರಿದ ಡಿಗ್ರಿ, ಗುಣಾಕಾರ.
ಬೀಜದ ಬಿಸಿಯಲ್ಲಿ ಅರ್ಧಕ್ಕಿಂತ ಹೆಚ್ಚು
ಡಬ್ಬಕ್ಕೆ ಸಿಗದೆ ಹೋಯ್ತು ಅಂದಾಗ
ಹೋಗಿದ್ದೆಲ್ಲಿಗೆ ಅಂತ ಸೂರು ನೋಡಿದರು.
ಸೂರಿನಲ್ಲಿ ಕಣಜದ ಗೂಡಿತ್ತು.

ಊಟದ ಗಂಟೆ ಹೊಡೆದಾಗ ನೀರು ಮತ್ತೆ ಇಪ್ಪತ್ತೈದು.
ಡಬ್ಬದ ತಳದ ಮಸಿಯನ್ನು ದ್ಯಾವೀರಮ್ಮ
ಬೂದಿ ಹಾಕಿ ಉಜ್ಜಿದಳು, ಅಷ್ಟಾಗಿ ಹೋಗಲಿಲ್ಲ.
ಸಾಲಿನಲ್ಲಿ ಕೊನೆಗೆ ನಿಂತ ತೀರ್ಥೇಶ
ಯಾರೂ ನೋಡುತ್ತಿಲ್ಲ ಅಂದುಕೊಂಡು
ಅಂಚು ಮಾತ್ರ ಸೀದ ಆ ಆಲೂಗಡ್ಡೆ ಬಿಲ್ಲೆಯನ್ನು
ಸೂಜಿಯಿಂದ ಬಿಡಿಸಿ, ಲೆಕ್ಕದ ಹಾಳೆಯಲ್ಲಿ ಸುತ್ತಿ
ಜೇಬಿಗಿಟ್ಟುಕೊಂಡ.