ಬೆನ್ನು ಮೊದಲು

ಉಳ್ಳಾಗಡ್ಡಿ ಇಳಿಸಿ ಬರಿದಾದ ಲಾರಿ.
ಹಿಂದ, ಬಯಲಾಗ, ಹಗ್ಗ ಬಿಗಿದ ಕುರ್ಚಿ,
ಕುರ್ಚಿ ಮ್ಯಾಲ ನಾನು.
ವಾಸ್ಕೊ ಬಿಟ್ಟಾಗಿಂದ ರಸ್ತೆ ನನ್ನ ಕಾಲಬುಡದಾಗ ಹುಟ್ಟಿ
ಹಿಂದಕ್ಕ ಓಡಾಕ ಹತ್ತೈತಿ.
ಮುಂದಿಂದು ಕಾಣೂದು ದಾವಲಸಾಬಗ,
ಸ್ಟೇರಿಂಗ್ ಹಿಡಿದವಗ.

"ಒಳಗ ಬಾರೋ ಯಮನೂರಿ, ಥಂಡಿ ಐತಿ" ಅಂದ
ಅನಮೋಡ ಘಾಟಿನ್ಯಾಗ.
ಒಲ್ಲೆ ಅಂದೆ.
ಹನ್ನೊಂದು ವರ್ಷ ಈ ಕುರ್ಚಿ ಹಿಂದ ನಿಂತೇನಿ,
ಒಂದು ರಾತ್ರಿ ಕುಂಡರತೇನಿ, ಬಿಡು.

ಸಂಬಳ ಅಲ್ಲ ಇದು, ಸಂಬಳದ ಬದಲಿ.
ಸಲೂನ್ ಮುಚ್ಚಿದ ದಿನ ಶೇಟ್ ಕೈ ಮುಗಿದ:
ರೊಕ್ಕಿಲ್ಲ, ಬೇಕಾದ್ದು ಒಯ್ಯಿ.
ಕನ್ನಡಿ ಒಡದೀತು ಅಂತ ಬಿಟ್ಟೆ.
ಕೆಂಪು ರೆಗ್ಜಿನ್, ಎರಡು ಕಡೆ ಟೇಪು,
ಪಂಪಿನ ಎಣ್ಣಿ ಸೋರತೈತಿ.
ಎಷ್ಟು ಎತ್ತರ ಕುಂಡರಿಸಿದರೂ
ಗಿರಾಕಿ ಮಾತು ಮುಗಿಸೂದರಾಗ
ಸಾವಕಾಶ ಕೆಳಗ ಬರತಾನ.

ಅಳ್ನಾವರದ ನಾಕಾದಾಗ ಪೊಲೀಸ ಬ್ಯಾಟರಿ ಬಿಟ್ಟ.
"ಇದರ ರಶೀದಿ?"
ಹೆಬ್ಬೆರಳು ತೋರಿಸಿದೆ,
ಕತ್ತರಿ ಕಡಿದು ಕಲ್ಲಾದ ಗಂಟು.
ಅಂವ ಅದನ್ನ ನೋಡಲಿಲ್ಲ, ಕುರ್ಚಿ ನೋಡಿದ.
ಮೂರು ದಿನದ ಗಡ್ಡ, ಮುಂಜಾನೆ ಪರೇಡು.
ಹತ್ತಿ ಕುಂತ.
ಬಾಟ್ಲಿ ನೀರು, ಹೊಸ ಬ್ಲೇಡು,
ದಾವಲಸಾಬನ ಕೈಯಾಗ ಬ್ಯಾಟರಿ.
ಗಲ್ಲ ಮುಗಿಸಿ ಗದ್ದಕ್ಕ ಬರೂದರಾಗ
ಸರಕಾರ ಒಂದು ಗೇಣು ಇಳಿದಿತ್ತು.

ಧಾರವಾಡ ಮಲಗಿತ್ತು.
ಹುಬ್ಬಳ್ಳಿ ಗಬ್ಬೂರ ಕ್ರಾಸಿನ್ಯಾಗ ಚಾ.
ಆಮ್ಯಾಲ ಎರಿ ಹೊಲ. ಕತ್ತಲಾಗೂ ಗೊತ್ತಾತು,
ಅಣ್ಣಿಗೇರಿ ಕಡ್ಲಿ ಗಿಡದ ಹುಳಿ
ಗಾಳಿಗೆ ಹತ್ತಿ ತುಟಿಗೆ ಬಂತು.
ಆಗ ದುರುಗ್ಯಾ ನೆನಪಾದ.
ಸುಳ್ಳು. ಮರತಿದ್ದೆನ ಯಾವಾಗ?

ಅಂವನ ಕೇರಿಗೂ ನಮ್ಮ ಬೇವಿನ ಗಿಡಕ್ಕೂ
ಇನ್ನೂರು ಹೆಜ್ಜಿ.
ಏಳನೇತ್ತ ತನಕ ಒಂದ ಬೆಂಚು.
ಲಗ್ನದ ಹಿಂದಿನ ದಿನ ಬಂದು ನಿಂತ:
"ಯಮನೂರಿ, ಒಂದು ಕಟಿಂಗ್."
ಕಟ್ಟಿ ಮ್ಯಾಲಿನವರು ಅಪ್ಪನ್ನ ನೋಡಿದ್ರು,
ಅಪ್ಪ ನನ್ನ ನೋಡಿದ,
ನಾ ಕತ್ತರಿ ನೋಡಿದೆ.
"ಮೊಂಡಾಗೈತಿ" ಅಂದೆ.
ಅಂವ ಬಸ್ಸಿನ ರೊಕ್ಕಾ ಕೊಟ್ಟು
ಗದಗಿಗೆ ಹೋಗಿ ಮದುಮಗ ಆಗಿ ಬಂದ.

ಎರಡು ವರ್ಷದ ಮ್ಯಾಲ, ವಾಸ್ಕೊದಾಗ,
ಸಿಮೆಂಟ್ ಹತ್ತಿದ ತಲಿಯೊಂದು
ಸಲೂನಿನ ಬಾಗಿಲ ತಳ್ಳಿತು.
ಕನ್ನಡಿಯಾಗ ಇಬ್ಬರೂ ಕಂಡ್ವಿ.
ಕುಂತ. ಕಣ್ಣು ಮುಚ್ಚಿದ.
"ಈಗರ ಸಾಣಿ ಹಿಡಸೀಯೇನ?"
ನನ್ನ ಕೈ ನಡುಗಿ
ಕಿವಿ ಹಿಂದ ಒಂದು ಎಳಿ ರಕ್ತ.
ಇನ್ನೂರು ಹೆಜ್ಜಿ ದಾಟಾಕ
ಇಬ್ಬರೂ ಘಾಟ ಇಳೀಬೇಕಾಗಿತ್ತು.

ಈಗ ಅಂವ ಬರಲಿಲ್ಲ. ಅಲ್ಲೇ ಇನ್ನೊಂದು ಬಿಲ್ಡಿಂಗ್.
ಲಾರಿಗೆ ಕುರ್ಚಿ ಏರಿಸಾಕ ಹೆಗಲು ಕೊಟ್ಟ,
ಹಗ್ಗದ ಗಂಟು ಅಂವಂದ.
"ಮಗ ಅಜ್ಜಿ ಕಡೆ ಅದಾನ.
ತಲಿ ಬಾಳ ಬೆಳದೈತಂತ" ಅಂದ.
ಮುಂದ ಏನೂ ಅನಲಿಲ್ಲ.

ಹುಲಕೋಟಿ ಗಿರಣಿ, ಗದಗಿನ ಸೇತುವಿ,
ಕಪ್ಪತಗುಡ್ಡದ ಗಾಳಿಪಂಖಾ,
ಎಲ್ಲಾ ಬೆನ್ನು ದಾಟಿದ ಮ್ಯಾಲ ಕಣ್ಣಿಗೆ ಬಂದವು.
ಊರೂ ಹಂಗ ಬಂತು.
ಲಾರಿ ನಿಂತಾಗ ನನ್ನ ಮುಂದಿದ್ದದ್ದು
ಬಿಟ್ಟು ಬಂದ ರಸ್ತೆ.

ಕ್ರಾಸಿನ್ಯಾಗ ಇಳಿಸಿದ್ವಿ.
ದಾವಲಸಾಬ ಬಾಡಿಗಿ ಮುಟ್ಟಲಿಲ್ಲ,
"ಒಂದು ದಾಡಿ ಉದ್ರಿ ಇರಲಿ" ಅಂದು ಹೋದ.
ರೆಗ್ಜಿನ್ ಝಾಡಿಸಿದೆ,
ಉಳ್ಳಾಗಡ್ಡಿ ಸಿಪ್ಪಿ ಹಾರಿದವು.
ಬಲಕ್ಕ ಊರು. ಎಡಕ್ಕ ಕೇರಿ.
ಒಬ್ಬನ ಕೈಲೆ ಯಾವ ಕಡಿಗೂ ಏಳಲಾರದ ಭಾರ.

ಹಾಲಿನ ಕ್ಯಾನಿನ ಸೈಕಲ್ ನಿಂತಿತು.
"ಯಾರ ಸಲುವಾಗೋ ಇದು?"
ಕಟ್ಟಿಯವರ ಪೈಕಿ ಯಾರೋ. ಹೆಸರು ಮರತೇನಿ,
ದನಿ ಮರತಿಲ್ಲ.

ಪಂಪು ಒತ್ತಿದೆ, ಒತ್ತಿದೆ,
ಹುಡುಗರಿಗೆ ಇಡುವಷ್ಟು ಎತ್ತರಕ್ಕ.
ಖಾಲಿ ಇದ್ದಾಗ ಇದು ಇಳಿಯೂದಿಲ್ಲ.
ಯಾರರ ಬಂದು ಕುಂಡರಬೇಕು.