ಮತ್ತೊಮ್ಮೆ ಪ್ರಯತ್ನಿಸಿ

ಟ್ಯಾಬು ಏಳು ಬಂದಾವ, ಮಕ್ಕಳು ಇಪ್ಪತ್ತೊಂಬತ್ತು.
ಡಬ್ಬಿ ಬಿಚ್ಚಿದ ದಿನ ಥರ್ಮಾಕೋಲ್ ಮುರದು
ಎಲ್ಲಾರ ತಲಿ ಮ್ಯಾಲ ಬಿಳಿ ಕಾಳು.
ಹೆಡ್ ಮಾಸ್ತರು ಎಣಿಸಿ, ರಿಜಿಸ್ಟರಿನಾಗ ಬರದು,
ಬೀರುವಿನ ಕೀಲಿ ಜೇಬಿಗೆ ಇಳಿಸಿ
"ಟೀಚರ್, ಒಡದ್ರ ನಿಮ್ಮ ಪಗಾರ" ಅಂದರು.

ವಾಡಿಯ ಸಿಮೆಂಟ್ ಧೂಳು ಬಾಗಲ ಬಡಿಯೂದಿಲ್ಲ,
ಸೀದಾ ಒಳಗ ಬರತದ.
ದಿನಾ ಮುಂಜಾನಿ ಸೆರಗಿಲೆ ಏಳೂ ಒರಸತೀನಿ,
ಆಮ್ಯಾಲ ಒಳಗಿನ ಹೆಣ್ಮಗಳು ಏಳತಾಳ,
"ನಮಸ್ಕಾರ ಮಕ್ಕಳೇ, ಬನ್ನಿ ಕಲಿಯೋಣ" ಅಂತಾಳ.
ಇಂಥಾ ತೊಳದಿಟ್ಟ ಕನ್ನಡ
ನಮ್ಮ ಕಡೆ ಯಾರೂ ಮಾತಾಡಂಗಿಲ್ಲ,
ರೇಲ್ವೆ ಸ್ಟೇಷನ್ನಿನ ಮೈಕ್ ಬಿಟ್ಟು.
ಅದಕ್ಕ ಸಿದ್ರಾಮ ಕೇಳಿದ:
"ಟೀಚರ್, ಈಕಿ ಗಾಡಿ ಎಷ್ಟು ಗಂಟೇಕ?"

ತೈಯಬಾ ಮೊದಲ ದಿನ 'ಅ' ತೀಡಿದಳು. ಸೊಟ್ಟ ಆತು.
ಪಾಟಿಗೆ ಮಾಡಿದಂಗ ಉಗುಳು ಹಚ್ಚಿ
ಫ್ರಾಕಿನ ತುದಿಲೆ ಗಸಗಸ ತಿಕ್ಕಿದಳು.
'ಅ' ಹೋಗಲಿಲ್ಲ. ಆನಿ ಬಂತು, ಒಂಟಿ ಬಂತು,
ಸೆಟ್ಟಿಂಗ್ಸ್ ಬಂತು, ಯಾವ ದೇಶದ್ದೋ ಭಾಷಾ ಬಂತು,
ಅದನ್ನ ತಿರುಗಿ ಕನ್ನಡಕ್ಕ ತರೂದ್ರಾಗ
ಬಿಸಿಯೂಟದ ಗಂಟಿ ಹೊಡೀತು.

ಸುಳ್ಳ್ಯಾಕ ಹೇಳಲಿ, ನನಗ ಸಿಟ್ಟಿತ್ತು.
ಹದಿನಾರು ವರ್ಷ ಬೆರಳ ಹಿಡದು ತಿದ್ದಿಸೀನಿ,
ಉಸುಕಿನಾಗ, ಫರಸಿ ಮ್ಯಾಲ, ಜೋಳದ ಕಾಳಿಲೆ.
ಆದ್ರ ಖರೇ ಅಂದ್ರ ಖರೇ:
ನಾ ಹತ್ತನೇ ಸಲಕ್ಕ ಕಣ್ಣ ತೆಗೀತೀನಿ,
ಆಕಿ ನೂರನೇ ಸಲಕ್ಕೂ ಅದೇ ದನಿಲೆ
"ಮತ್ತೊಮ್ಮೆ ಪ್ರಯತ್ನಿಸಿ."
ಬೈಯೂ ಮುಖ ಇಲ್ಲ ಆಕಿಗೆ.
ಮುಖಾನೇ ಇಲ್ಲ.

ರಿತಿಕಾ ಪವಾರ ಜೂನಿನಿಂದ ಬಾಯಿ ಬಿಟ್ಟಿಲ್ಲ.
ಅವ್ವ ಅಪ್ಪ ಖಣಿಯಾಗ ಫರಸಿ ಎಬ್ಬಸತಾರ.
ತಾಂಡಾದಿಂದ ಅಣ್ಣನ ಅಂಗಿ ಹಿಡದು ಬರತಾಳ,
ಕಿಡಕಿ ಬುಡಕ ಕೂಡತಾಳ,
ಹಾಜರಿಗೆ ಬರೀ ಕೈ ಎತ್ತತಾಳ.
ಕನ್ನಡ ಆಕಿಗೆ ಮಂದಿ ಮನಿ;
ಚಪ್ಪಲ್ ಬಿಟ್ಟು ಹೊರಗೇ ನಿಂತಾಳ.

ಆಗಸ್ಟಿನಾಗ ಒಂದಿನ ಚಿತ್ರ ಬಂತು,
ಹಸಿರು ಸೀರಿ, ಕುಂಕುಮ, ಕೈಯಾಗ ತಾಟು.
"ಇವರು ಯಾರು? ಮೈಕ್ ಒತ್ತಿ ಹೇಳಿ."
ರಿತಿಕಾ ಆ ಕಡೆ ಈ ಕಡೆ ನೋಡಿ,
ಟ್ಯಾಬಿನ ಕಿವಿ ಎಲ್ಲದ ಅಂತ ಹುಡುಕಿ,
ಚಾರ್ಜರಿನ ತೂತಿಗೆ ಬಾಯಿ ಹಚ್ಚಿ ಅಂದಳು:
"ಯಾಡಿ."

ಕೆಂಪು ಗುರುತು. "ಮತ್ತೊಮ್ಮೆ ಪ್ರಯತ್ನಿಸಿ."
"ಯಾಡಿ."
ಕೆಂಪು.
"ಯಾಡಿ. ಯಾಡಿ."
ಹನ್ನೊಂದು ಸಲ. ನಾ ಎಣಿಸೀನಿ.
ಜೂನಿನಿಂದ ಕೂಡಿಟ್ಟ ಮಾತೆಲ್ಲಾ
ಒಂದೇ ಮಾತಾಗಿ ಬಂದಂಗ.

ಹೋಗಿ ಬಾಜೂಕ ಕುಂತೆ. ಫರಸಿ ತಣ್ಣಗಿತ್ತು.
"ಯಾಡಿ?" ಅಂದೆ.
ಆಕಿ ನನ್ನ ಬಾಯಿ ನೋಡಿದಳು.
ನನ್ನ 'ಡ' ಕಲ್ಲಿನಂಗ ಬಿತ್ತು.
ಆಕಿಂದು ಡ ಅಲ್ಲ, ರ ಅಲ್ಲ,
ಕಾದ ಹಂಚು ಮುಟ್ಟಿದ ಬೆರಳು
ಮುಟ್ಟೂದ್ರಾಗ ಎದ್ದಂಗ, ಅಷ್ಟ.
ಟ್ಯಾಬಿನ ಅಕ್ಷರಮಾಲಿಯಾಗ ಅದಿಲ್ಲ,
ನನ್ನ ಹದಿನಾರು ವರ್ಷದಾಗೂ ಇಲ್ಲ.
ಇನ್ನೊಮ್ಮೆ ಅಂದೆ. ತಪ್ಪಿತು.

ಆವಾಗ ರಿತಿಕಾ, ಬೆನ್ನ ನೆಟ್ಟಗ ಮಾಡಿ,
ಸ್ಟೇಷನ್ ಮೈಕಿನ ದನಿಲೆ,
ಒಂದು ಒತ್ತಕ್ಷರ ಕೊಂಕದಂಗ, ನನಗ:
"ಮತ್ತೊಮ್ಮೆ ಪ್ರಯತ್ನಿಸಿ."

ತಿಂಗಳ ಕಡೀಗೆ ಸಿಆರ್‌ಪಿ ಸಾಹೇಬರು ಬಂದು
ಫೋನಿನಾಗ ಪಟ್ಟಿ ತೋರಿಸಿದರು:
ರಿತಿಕಾ ಪವಾರ. ಉತ್ತರ ಹನ್ನೊಂದು. ಸರಿ ಸೊನ್ನೆ.
"ಈ ಹುಡಿಗಿ ಕಡೆ ಜರಾ ಲಕ್ಷ ಕೊಡ್ರಿ ಟೀಚರ್."
"ಕೊಡತೀನ್ರಿ" ಅಂದೆ.

ಮಧ್ಯಾಹ್ನ ಕರೆಂಟ್ ಹೋಗತದ,
ಏಳೂ ಟ್ಯಾಬು ಕಪ್ಪಾಗಿ ಮಕ್ಕೊಂತಾವ.
ಆಕಿ ಮುಂದ ಕುಂತು ನಾಲಿಗಿ ತಿರಿವತೀನಿ.
ಇನ್ನೂ ಕೆಂಪೇ ಬರತದ.